ಮೂರು ಕಲ್ಲಿನ ಗುರುತು

ದ್ವೀಪದ ಕಾಡು ಸುತ್ತಲು ಹೊರಟಿದ್ದ ವಾಕಿಂಗ್ ಸಂಘದವರಿಗೆ ತ್ರಿವಿಕ್ರಮರಾಯರು ದೋಣಿಯಲ್ಲೇ ಧೈರ್ಯ ತುಂಬಿದ್ದರು.

“ಮೊಬೈಲ್ ನಂಬ್ಕೊಂಡು ಕಾಡಿಗೆ ಹೋದೋರು ಕಾಡುಪಾಲು. ವಾಪಸ್ ಬರೋಕೆ ನಾನು ಗುರುತು ಮಾಡ್ತೀನಿ, ನೀವು ಸುಮ್ನೆ ಹಿಂದೆ ಬನ್ನಿ.”

ಎಂಥ ಗುರುತು ಎಂದು ಮಾತ್ರ ಹೇಳಲಿಲ್ಲ. ಹೇಳಿಬಿಟ್ಟರೆ ನಾಯಕನಿಗೇನು ಬೆಲೆ? ದಾರಿ ಕವಲೊಡೆದಲ್ಲೆಲ್ಲ, ತಾವು ಬಂದ ದಾರಿಯ ಅಂಚಿನಲ್ಲಿ ಮೂರು ಕಲ್ಲು ಒಂದರ ಮೇಲೊಂದು ಪೇರಿಸಿ, ಮೀಸೆ ತಿರುವಿ ಮುಂದೆ ನಡೆದರು. ಕಾಡಿನ ನಡುವಿನ ಕೆರೆ ಸಿಕ್ಕಿತು. ಫೋಟೋ ಮುಗಿಯಿತು, ಚಿತ್ರಾನ್ನವೂ ಮುಗಿಯಿತು.

“ಏಳ್ರೀ, ಏಳ್ರೀ! ಕೊನೇ ದೋಣಿ ತಪ್ಪಿದ್ರೆ ಇಲ್ಲಿನ ಸೊಳ್ಳೆಗಳಿಗೆ ನಾವೇ ಚಿತ್ರಾನ್ನ,” ಎಂದು ರಾಯರು ಅವಸರಿಸಿದರು.

ವಾಪಸ್ ದಾರಿಯ ಮೊದಲ ಕವಲಿಗೆ ಬಂದವರೇ ರಾಯರು ಕಕ್ಕಾಬಿಕ್ಕಿಯಾಗಿ ನಿಂತರು. ಎಡದಾರಿಯಲ್ಲಿ ಮೂರು ಕಲ್ಲು. ಬಲದಾರಿಯಲ್ಲೂ ಮೂರು ಕಲ್ಲು. ನಡುದಾರಿಯಲ್ಲಿ ಐದು. ಪೊದೆಯ ಆಚೆಗೂ ಸಾಲು ಸಾಲು ಕಲ್ಲುಗೋಪುರಗಳು.

ದೂರದ ದಡದಲ್ಲಿ ದೋಣಿಯವನು ಹೊರಡುವ ಹಾರನ್ ಹೊಡೆದ.

“ಯಾರ್ರೀ ಈ ಕಿತಾಪತಿ ಮಾಡಿದ್ದು?” ರಾಯರು ಕಿರುಚಿದರು.

ಸಂಘದ ಪಂಕಜಾಕ್ಷಮ್ಮ ಸೆರಗಿಗೆ ಮೆತ್ತಿದ್ದ ಮಣ್ಣು ಕೊಡವಿಕೊಳ್ಳುತ್ತಾ ನಾಚಿಕೊಂಡರು.

“ಬಾಡಿಗೆ ಮನೆ ಸಾಕಾಗಿ, ಸ್ವಂತ ಮನೆ ಆಗ್ಲಿ ಅಂತ ನೀವು ದಾರಿಯುದ್ದಕ್ಕೂ ಹರಕೆ ಕಲ್ಲು ಜೋಡಿಸ್ಕೊಂಡು ಹೋದ್ರಲ್ಲ ರಾಯರೇ, ನಾವೂ ಹಿಂದೇನೇ ಒಬ್ಬೊಬ್ರು ಒಂದೊಂದು ಮನೆ ಕಟ್ಕೊಂಡು ಬಂದ್ವಿ; ನಮ್ಮೆಜಮಾನ್ರು ಮಾತ್ರ ಎರಡಂತಸ್ತು ಜಾಸ್ತಿ ಏರಿಸಿದಾರೆ.”