ಲಾರಿ ಬರುವ ಮುಂಚೆ

ತಿಥಿಯ ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಒಲೆ ಹಚ್ಚಿ ಆನೆಯ ರಾಗಿ ಮುದ್ದೆಗೆ ಎಸರಿಟ್ಟಳು. ಸರ್ಕಸ್ಸಿನಲ್ಲಿ ದುಡಿದು ಮುದಿಯಾಗಿ ಈ ಆಶ್ರಯಧಾಮಕ್ಕೆ ಬಂದಿದ್ದ ಆ ಆನೆಯೇ ತನ್ನ ಮಾವುತನನ್ನು, ಅಂದರೆ ಅವಳ ಗಂಡನನ್ನು, ಕೊಟ್ಟಿಗೆಯ ಗೋಡೆಗೆ ಒತ್ತಿ ಕೊಂದಿತ್ತು. ಈಗ ಅದರ ನಾಲ್ಕು ಕಾಲಿಗೂ ಸರಪಳಿ ಬಿಗಿದಿದ್ದರು.

"ಆನೇನ ಒಯ್ಯೋಕೆ ಮಧ್ಯಾಹ್ನ ಲಾರಿ ಬರ್ತದೆ ಮಗಳೇ," ಎಂದ ಹಿರಿಯ ಮಾವುತ ಇಮಾಮ್ ಚಾಚಾ. ಆನೆಗಳ ವಿಷಯದಲ್ಲಿ ಅಲ್ಲಿ ಅವನ ಮಾತೇ ಕೊನೆ. "ಸಾಯೋವರೆಗೂ ಅದು ಸರಪಳೀಲೇ ಇರ್ಲಿ. ಒಂದೇಟು ಹೊಡೆಯದೆ ಸಾಕಿದವನನ್ನ ಸುಮ್‌ಸುಮ್ನೆ ಅಪ್ಪಚ್ಚಿ ಮಾಡ್ತಲ್ಲ."

"ಸುಮ್‌ಸುಮ್ನೆ ಅಲ್ಲ ಚಾಚಾ."

ಅವಳು ಒಳಗೆ ಹೋಗಿ ಒಂದು ಅಂಕುಶ ತಂದು ಅವನ ಕೈಗಿತ್ತಳು. "ನಿಮ್ಮದೇ. ಅವರು ಎರವಲು ತಂದಿದ್ದು."

ಮುದುಕ ಸುತ್ತಲೂ ನೋಡಿದ. ಆಶ್ರಯಧಾಮದೊಳಗೆ ಅಂಕುಶ ಹಿಡಿಯುವಂತಿರಲಿಲ್ಲ.

"ಗೋಡೆಗೆ ನೇತುಹಾಕ್ತೀನಿ, ಚಂದಕ್ಕೆ ಕೊಡಿ ಅಂದಿದ್ದ," ಎಂದ. ಕೊಕ್ಕೆಯ ಮೊನೆಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಅವನ ದನಿ ಕುಗ್ಗಿತು. "ಆ ಮುದಿ ಜೀವಕ್ಕೆ ಇದರಲ್ಲಿ ಚುಚ್ತಿದ್ನಾ?"

"ಇಲ್ಲ. ಅದರ ಮೈಗೆ ಇದು ಒಂದು ದಿನವೂ ತಾಗಲಿಲ್ಲ. ಅವತ್ತು ಅದರ ಕಣ್ಣೆದುರಿಗೇ ಎತ್ತಿದರು, ಅಷ್ಟೆ."

ಅವಳು ಅವನಿಗೆ ಬೆನ್ನು ಮಾಡಿ ನಿಂತು, ಹೆಗಲ ಮೇಲಿನ ಸೆರಗು ಸರಿಸಿದಳು. ಅಲ್ಲಿ ಕೊಕ್ಕೆ ಚುಚ್ಚಿದ ಗಾಯಗಳಿದ್ದವು.