ಮೇಲಕ್ಕೆ ಹೋದ ಚೀಲ

ಲೈನ್ ಆಫ್ ಮಾಡಿಸಿಕೊಂಡು ಕಂಬ ಹತ್ತಿದ್ದ ಲೈನ್‌ಮನ್ ತುದಿಯಲ್ಲಿ ತಂತಿ ಬಿಗಿಯುತ್ತಿದ್ದ. ಹೊಂಗೆಮರದ ಕೊಂಬೆಗಳ ಮರೆಯಲ್ಲಿ ಕೆಳಗಿನವರಿಗೆ ಅವನ ಕಾಲು ಮಾತ್ರ ಕಾಣುತ್ತಿತ್ತು. ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಓಡಿಬಂದಿದ್ದವನನ್ನು ಹುಡುಕಿಕೊಂಡು ಹೆಂಡತಿ ಬಟ್ಟೆಯ ಚೀಲ ಹಿಡಿದು ಕಂಬದ ಬುಡಕ್ಕೇ ಬಂದಳು.

“ರೀ, ಬೆಲ್ಟ್ ಹಾಕ್ಕೊಂಡಿದ್ದೀರಾ?”

“ಹಾಕ್ಕೊಂಡಿದ್ದೀನಿ ಕಣೇ!”

“ನಂಗೇನಾಗುತ್ತೆ ಅಂತಿದ್ದ ಬೋರಲಿಂಗಣ್ಣ ಹೋದ ತಿಂಗಳು ಬೆಲ್ಟ್ ಇಲ್ದೆ ಕಂಬದಿಂದ ಬಿದ್ದು ಸೊಂಟ ಮುರ್ಕೊಂಡ್ರು. ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ.”

“ಅವನಿಗೆ ಕಂಬ ಹತ್ತೋಕೆ ಬರಲ್ಲ. ನಾನು ನೋಡು, ಎರಡೂ ಕೈ ಬಿಟ್ಟು ನಿಂತಿದ್ದೀನಿ!” ಎಂದವನು ಕಂಬವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ.

“ಕೊಕ್ಕೆ ಸರಿಯಾಗಿ ಹಾಕಿದ್ದೀರಾ?”

“ಎಷ್ಟು ಬಿಗಿಯಾಗಿದೆ ಅಂದ್ರೆ ಉಸಿರಾಡೋಕೂ ಆಗ್ತಿಲ್ಲ ಮಾರಾಯ್ತಿ!”

“ನನ್ನಾಣೆ?”

“ನಿನ್ನಾಣೆ!”

ಕೆಳಗೆ ನಿಂತಿದ್ದ ಜೊತೆಗಾರ ಕೆಮ್ಮು ಬಂದವನಂತೆ ಆ ಕಡೆ ತಿರುಗಿದ.

“ಹಾಗಾದ್ರೆ ಸರಿ. ಹಸಿದಿರ್ತೀರಿ, ತಗೊಳ್ಳಿ” ಎನ್ನುತ್ತಾ ಅವಳು ಸಾಮಾನು ಮೇಲಕ್ಕೆ ಕಳಿಸುವ ಹಗ್ಗಕ್ಕೆ ಚೀಲ ಕಟ್ಟಿದಳು. ಜೊತೆಗಾರ ಹಗ್ಗ ಎಳೆದ. ಚೀಲ ತೂಗಾಡುತ್ತಾ ಕೊಂಬೆಗಳ ನಡುವೆ ಮೇಲೇರಿತು.

ಉಪ್ಪಿಟ್ಟೋ ಚಿತ್ರಾನ್ನವೋ ಎಂದು ಬಾಯಲ್ಲಿ ನೀರೂರಿಸಿಕೊಂಡು ಅವನು ಒಂದೇ ಕೈಯಲ್ಲಿ ಚೀಲದ ಬಾಯಿ ಬಿಡಿಸಿದ.

ಒಳಗೆ, ಬೆಳಿಗ್ಗೆ ಅವನು ಮನೆಯ ಬಾಗಿಲ ಹಿಂದೆಯೇ ಬಿಟ್ಟು ಬಂದಿದ್ದ ಬೆಲ್ಟ್ ಇತ್ತು.