ಕೆಂಚ ನಡೆಯಲು ಕಲಿತದ್ದು

ಅಪ್ಪನಿಗಿಟ್ಟ ಪಿಂಡವನ್ನು ಕಾಗೆ ಮುಟ್ಟಲೇ ಇಲ್ಲ.

"ಏನೋ ಆಸೆ ಉಳ್ಕೊಂಡಿದೆ. ಮಾತು ಕೊಡಪ್ಪ," ಎಂದರು ಪುರೋಹಿತರು.

ಮಗ ಕೈಮುಗಿದ. "ನಿಮ್ಮ ನಾಯೀನ ಸಾಯೋವರೆಗೂ ನಾನೇ ನೋಡ್ಕೋತೀನಪ್ಪಾ."

ಕಾಗೆ ಇಳಿದು ಬಂದು ಅನ್ನ ಕಚ್ಚಿಕೊಂಡು ಹಾರಿತು.

ಮರುವಾರದಿಂದ ಆ ನಾಯಿಗೆ, ಕೆಂಚನಿಗೆ, ಚೈನಿನಲ್ಲಿ ನಡೆಯುವ ಪಾಠ ಶುರುವಾಯಿತು. ಅಪ್ಪ ಇದ್ದಾಗ ಚೈನೇ ಬೇಕಿರಲಿಲ್ಲ. ಅವರು ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಿತ್ತು. ಈಗ ಕೊರಳಿಗೆ ಚೈನು ಬಿದ್ದರೆ ಸಾಕು, ನಾಲ್ಕೂ ಕಾಲು ಊರಿ ನಿಂತುಬಿಡುತ್ತಿತ್ತು. ಬಿಸ್ಕತ್ತು, ಬೈಗುಳ, ಯಾವುದಕ್ಕೂ ಜಗ್ಗಲಿಲ್ಲ.

"ಹಾಗೆ ಎಳೀಬೇಡ್ರೀ, ಕತ್ತು ನೋಯತ್ತೆ," ಎಂದಳು ಹೆಂಡತಿ.

"ಕಾರಿನ ತನಕ ನಡೆದ್ರೆ ಸಾಕು ಕಣೇ. ಘಾಟಿ ಆಚೆ ಬಿಟ್ಟು ಬಂದ್ರೆ ಅದಕ್ಕೆ ವಾಪಸ್ ದಾರಿ ಗೊತ್ತಾಗಲ್ಲ."

"ಮಾವನವರಿಗೆ ಮಾತು ಕೊಟ್ಟಿದ್ರಲ್ಲ?"

"ಕೊಟ್ಟಿದ್ದು ಕಾಗೆಗೆ."

ಅಷ್ಟರಲ್ಲಿ ಕೆಂಚ ಕಿವಿ ನಿಮಿರಿಸಿತು. ಬಾಲ ಅಲ್ಲಾಡಿಸುತ್ತ, ಕುಂಯ್‌ಗುಡುತ್ತ, ಅವನನ್ನೇ ಎಳೆದುಕೊಂಡು ಗೇಟಿನ ಕಡೆ ನಡೆಯಿತು.

"ನೋಡೇ, ಕಲಿತೇಬಿಡ್ತು!" ಅವನು ನಗುತ್ತ ಗೇಟು ತೆಗೆದ.

ಕಾರಿನ ಮೇಲೆ ಕಾಗೆ ಕೂತಿತ್ತು.